ಮಸ್ಕಿಯ ಶುಕ್ರವಾರಗಳು

ಫಾರಸಿ ಮಾಸ್ತರ ಬಲ ಅಂಗೈ ಸದಾ ಕಪ್ಪಗಿರುತ್ತಿತ್ತು. ಕಲ್ಲಿನ ಮೇಲೆ ಒದ್ದೆ ಕಾಗದ ಹಾಸಿ, ಮಸಿ ಒತ್ತಿ, ಶಾಸನದ ಅಚ್ಚು ತೆಗೆಯುವುದು ಅವರ ಹುಚ್ಚು. ಬೂದಿ ಹಚ್ಚಿ ಎಷ್ಟು ತಿಕ್ಕಿದರೂ ಕೈಗೆರೆಗಳಲ್ಲಿ ಆ ಕಪ್ಪು ಉಳಿದೇ ಇರುತ್ತಿತ್ತು.

ನಿಜಾಮರ ಕಾಲ. ಲಿಂಗಸುಗೂರಿನ ಶಾಲೆಯಲ್ಲಿ ಅವರು ಫಾರಸಿ ಕಲಿಸುತ್ತಿದ್ದರು, ನಾನು ಲೆಕ್ಕ. ಅವರು ಮುದಗಲ್ ಕೋಟೆಯ ಫಾರಸಿ ಬರಹಗಳನ್ನು ಕೂಡಿಸುತ್ತಿದ್ದರು. ನಾನು ಸುತ್ತಲ ಹಳ್ಳಿಗಳ ಕನ್ನಡ ಶಾಸನ ಓದುತ್ತೇನೆಂದು ಹೇಳಿಕೊಂಡು ತಿರುಗುತ್ತಿದ್ದೆ. ಬರೆದದ್ದು ಮಾತ್ರ ಸೊನ್ನೆ. ಶುಕ್ರವಾರ ಶಾಲೆಗೆ ರಜೆ. ಅಂಥದೊಂದು ದಿನ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು, ತಾವು ಬರೆದ ಎರಡು ಹಾಳೆ ಓದಿ, "ಈಗ ನಿಮ್ದು ಓದ್ರಿ ಮಾಸ್ತರ" ಎಂದರು. ನನ್ನ ಹತ್ತಿರ ಏನೂ ಇರಲಿಲ್ಲ.

"ಖೈರ್, ಇರ್ಲಿ ಬಿಡ್ರಿ, ಬರೂ ಶುಕ್ರವಾರ ಕೇಳ್ತೀನಿ" ಎಂದು ಚಹಾ ಕುಡಿದು ಹೋದರು.

ಆ ನಾಚಿಕೆಗೆ ಅದೇ ವಾರ ಮೊದಲ ಹಾಳೆ ಬರೆದೆ. ವರ್ಷದೊಳಗೆ ಹನ್ನೊಂದು ಶಾಸನ ಮುಗಿದವು. ತಿಳಿಯದ ಅಕ್ಷರವನ್ನು ಊಹಿಸಿ ತುಂಬಿದರೆ, ಕನ್ನಡ ಲಿಪಿ ಬಾರದ ಅವರು ಬರೀ ಕಿವಿಯಿಂದಲೇ ಹಿಡಿಯುತ್ತಿದ್ದರು: "ಇಲ್ಲಿ ಯಾಕ ದನಿ ಸಣ್ಣದಾತು? ಕಲ್ಲ ನೋಡೀರೇನು?"

ಆಮೇಲೆ ಅವರಿಗೆ ಸಿಂಧನೂರಿಗೆ ವರ್ಗವಾಯಿತು. ನನ್ನ ಬರವಣಿಗೆ ನಿಂತೇ ಹೋಯಿತು. ನಾಲ್ಕು ತಿಂಗಳ ಬಳಿಕ ಮಸ್ಕಿಯ ಸಂತೆಯಲ್ಲಿ ಎದುರಾದಾಗ ತಲೆ ತಗ್ಗಿಸಿ ಅದನ್ನು ಹೇಳಿದೆ. ಅವರು ನನ್ನ ಕೈ ಹಿಡಿದರು.

"ನಾನೂ ಒಂದ ಸಾಲು ಬರದಿಲ್ರಿ. ಅಲ್ಲಿ ಕೇಳೋರು ಯಾರದಾರ? ನನ್ನಿಂದ ನೀವು ಬರೀತೀರಿ ಅಂತ ತಿಳ್ಕೊಂಡಿದ್ರಿ. ನಾ ನಿಮ್ಮಿಂದ ಬರೀತಿದ್ದೆ."

ಮಸ್ಕಿ ಎರಡೂ ಊರಿನ ನಡುವೆ ಬರುತ್ತದೆ. ಅಂದಿನಿಂದ ತಿಂಗಳಿಗೊಂದು ಶುಕ್ರವಾರ ಅವರು ಆ ಕಡೆಯಿಂದ, ನಾನು ಈ ಕಡೆಯಿಂದ ಬಂಡಿಯಲ್ಲಿ ಬಂದು, ಗುಡ್ಡದ ಬುಡದಲ್ಲಿ ಬಂಡೆಯ ನೆರಳಿಗೆ ಕೂಡುತ್ತಿದ್ದೆವು. ಬುತ್ತಿ ಬಿಚ್ಚುವುದು ಇಬ್ಬರೂ ಓದಿದ ಮೇಲೆಯೇ. ಮೂರು ವರ್ಷ ಹೀಗೆ ನಡೆಯಿತು.

ಒಂದು ಬೇಸಿಗೆ ಅವರು ಬರಲಿಲ್ಲ. ಹುಡುಕಿಕೊಂಡು ಸಿಂಧನೂರಿಗೆ ಹೋದೆ. ಜ್ವರದಲ್ಲಿ ತೀರಿಕೊಂಡು ಎಂಟು ದಿನವಾಗಿತ್ತು. ಅವರ ಹೆಂಡತಿ ಪರದೆಯ ಆಚೆಯಿಂದ ಕಾಗದದ ಕಟ್ಟು ಚಾಚಿದರು.

"ನಿಮಗ ಕೊಡಬೇಕಂತ ಹೇಳ್ಯಾರ್ರಿ ಅಣ್ಣಾರ. ಮುದಗಲ್ಲಿನ್ಯಾಗ ಇನ್ನಾ ಮೂರು ಕಲ್ಲು ಓದದ ಉಳದಾವಂತ."

ನನಗೆ ಕಚೇರಿಯ ಉರ್ದು ಬರುತ್ತಿತ್ತು, ಫಾರಸಿ ಅಷ್ಟಕ್ಕಷ್ಟೆ. ಕಲಿಯಲು ಎರಡು ವರ್ಷ ಹಿಡಿಯಿತು. ಮುದಗಲ್ಲಿಗೆ ಹೋಗಿ ಆ ಮೂರೂ ಕಲ್ಲು ಓದಿ ಬರೆದೆ. ಮುಗಿದ ಮೇಲೆ ಸಿಂಧನೂರಿಗೆ ಹೋಗಿ, ಪರದೆಯ ಈಚೆ ಕುಳಿತು, ಅವರು ಬರೆದದ್ದನ್ನೂ ನಾನು ಬರೆದ ಮೂರನ್ನೂ ಸೇರಿಸಿ ಇಡೀ ಬರಹ ಗಟ್ಟಿಯಾಗಿ ಓದಿದೆ.

"ಇನ್ನೊಮ್ಮೆ ಓದ್ರಿ ಅಣ್ಣಾರ" ಎಂದರು ಆಚೆಯಿಂದ.

ಮೊದಲಿಂದ ಓದಿದೆ.