ಯಾರಿಗೆ ಹೇಳಬಾರದು?

ಚೆನ್ನೈಗೆ ಬಂದ ಮೂರನೇ ವಾರ ಜ್ವರ ಹಿಡಿಯಿತು. ಸರ್ಕಾರಿ ಆಸ್ಪತ್ರೆಯ ನರ್ಸಮ್ಮ ನನ್ನ ಹೆಸರು, ವಯಸ್ಸು ಬರೆದುಕೊಂಡು, "ನಿಮಗೇನಾದರೂ ಆದರೆ ಯಾರಿಗೆ ಹೇಳಬೇಕು?" ಎಂದು ತಮಿಳಿನಲ್ಲಿ ಕೇಳಿದರು. ಆಮೇಲೆ, "ಯಾರಿಗೆ ಹೇಳಬಾರದು?" ಎಂದರು. ನನ್ನ ಅರೆಬರೆ ತಮಿಳಿನದೇ ತಪ್ಪು ಅಂದುಕೊಂಡೆ. "ನಿಮ್ಮಂಥವರನ್ನು ಮನೆಯವರೇ ಕರೆದೊಯ್ದು ಕೊಂದದ್ದುಂಟು ಅಕ್ಕಾ, ಅದಕ್ಕೇ ಕೇಳುತ್ತೇವೆ," ಎಂದರು.

ಇಲ್ಲಿ ನನ್ನಂಥವರಿಗೆ ತಿರುನಂಗೈ ಅನ್ನುತ್ತಾರೆ. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವಳಿಗೆ ಮರ್ಯಾದೆಯ ಹೆಸರು. ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕರೆಯುತ್ತಿದ್ದ ಹೆಸರುಗಳನ್ನು ಬರೆಯಲಾರೆ. ಹಾಗಂತ ಚೆನ್ನೈಯೇನೂ ಸ್ವರ್ಗವಲ್ಲ. ಏಳು ಕಡೆ ಮನೆ ಇಲ್ಲವೆಂದರು, ಎಂಟನೆಯದು ತಾರಸಿ ಮೇಲಿನ ತಗಡಿನ ಕೋಣೆ. ಅಂಗಡಿಯಲ್ಲಿ ರಾಗಿಹಿಟ್ಟು ಸಿಕ್ಕ ದಿನ ಕುಣಿದಾಡುವಂತಾಯಿತು. ಮುದ್ದೆ ಕಟ್ಟಿ ಒಬ್ಬಳೇ ಉಂಡೆ.

ಊರು ಬಿಟ್ಟದ್ದು ರತ್ನ ಸತ್ತ ಮೇಲೆ. ಶಿರಾ ಕಡೆಯವಳು, ನನ್ನಂತೆಯೇ ಸೀರೆ ಉಟ್ಟವಳು. ಹಬ್ಬಕ್ಕೆ ಬಾ ಎಂದು ಅಣ್ಣಂದಿರೇ ಕರೆಸಿಕೊಂಡು ಹೊಡೆದು ಕೊಂದರು. ಮಾರನೆಯ ದಿನವೇ ಸುಟ್ಟೂ ಆಯಿತು. ವಿಚಾರಿಸಲು ಹೋದ ನನಗೆ ಅವಳ ಊರವರೆಲ್ಲ, "ಹೊಟ್ಟೆನೋವು ಕಣಮ್ಮ, ತಡ್ಕಳಕಾಗ್ಲಿಲ್ಲ," ಅಂದರು. ಸಾವಿನ ದಾಖಲೆಯ ಕಾಗದದಲ್ಲೂ ಅದೇ ಬಿತ್ತು.

ನಮ್ಮ ಕಡೆ ಒಬ್ಬರಿಗೆ ಡೆಂಗಿ ಬಂದರೆ ಆಶಾ ಕಾರ್ಯಕರ್ತೆ ಮನೆಮನೆಗೂ ಬಂದು ತೊಟ್ಟಿಯ ನೀರು ಚೆಲ್ಲಿಸುತ್ತಾಳೆ. ರತ್ನ ಸತ್ತಾಗ ಯಾರೂ ಬರಲಿಲ್ಲ. ಹೊಟ್ಟೆನೋವು ಹರಡುವ ಜಾಡ್ಯವಲ್ಲವಲ್ಲ! ಆದರೆ ನಮ್ಮನ್ನು ಕೊಲ್ಲುವ ಜಾಡ್ಯ ಮನೆಯಿಂದ ಮನೆಗೆ ಹರಡುತ್ತದೆ. ಆ ವಾರವೇ ನನ್ನ ತಮ್ಮ ಊಟಕ್ಕೆ ಕೂತು, "ಶಿರಾದೋರು ಗಂಡಸ್ರು ಕಣವ್ವ. ಮಾನ ಉಳಿಸ್ಕಂಬುಟ್ರು," ಅಂದ. ನನ್ನ ಕಡೆ ತಿರುಗಿ ನೋಡಲಿಲ್ಲ. ಅವ್ವ ಸಾರಿನ ಪಾತ್ರೆ ಕೆಳಗಿಟ್ಟು, ಒಳಗೆ ಹೋಗಿ ನನ್ನ ಬಟ್ಟೆ ಗಂಟು ಕಟ್ಟಿದಳು.

ಆವತ್ತೇ ಅವ್ವ ನನ್ನನ್ನು ಬಸ್ಸು ಹತ್ತಿಸಿದಳು. "ಎಲ್ಲಾನ ಬದುಕ್ಕೋ ಹೋಗು ಮಗಾ. ಇಲ್ಲಿಗ್ ಮಾತ್ರ ಬರ್ಬ್ಯಾಡ."

ನರ್ಸಮ್ಮ ಪೆನ್ನು ಹಿಡಿದು ಕಾಯುತ್ತಿದ್ದರು. ಹೇಳಬೇಕಾದದ್ದು ಅವ್ವನಿಗೆ, ಹೇಳಬಾರದ್ದು ತಮ್ಮನಿಗೆ ಅಂದೆ. ನಂಬರ್ ಕೇಳಿದರು. ತೋವಿನಕೆರೆಯ ನಮ್ಮ ಮನೆಗೆಲ್ಲ ಇರುವುದು ಒಂದೇ ಫೋನು, ಅದು ಸದಾ ತಮ್ಮನ ಜೇಬಿನಲ್ಲಿ.

"ಇಬ್ಬರದೂ ಒಂದೇ ನಂಬರ್," ಅಂದೆ.

"ಹಾಗಾದರೆ ಎಲ್ಲಿ ಬರೆಯಲಿ ಅಕ್ಕಾ?"

ಹೇಳಬಾರದವರ ಕಡೆ ಬರೆಸಿದೆ. ನಾಳೆ ನಾನಿಲ್ಲಿ ಸತ್ತರೂ, ಮಗಳು ಎಲ್ಲೋ ಉಂಡುಕೊಂಡಿದ್ದಾಳೆ ಅಂತಲೇ ಅವ್ವ ಅಂದುಕೊಂಡಿರುತ್ತಾಳೆ.