ಸಿರುಗುಪ್ಪದ ಕರಿ ಪರದೆ

ಬಳ್ಳಾರಿಯ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕೆಲಸ. ಸೆಂಟರಿಗೆ ಕುರುಗೋಡಿನಲ್ಲೊಂದು, ಸಿರುಗುಪ್ಪದಲ್ಲೊಂದು ಶಾಖೆ. ಮೂರೂರಿನ ಮೂರು ಕಂಪ್ಯೂಟರುಗಳು ಮಾತುಬಿಟ್ಟ ದಾಯಾದಿಗಳಿದ್ದ ಹಾಗೆ. ಒಂದರದ್ದು ಇನ್ನೊಂದಕ್ಕೆ ತಿಳಿಯದು. ಇಲ್ಲಿ ಕೂತು ಗುಂಡಿ ಒತ್ತಿದರೆ ಮೂರೂ ಕಡೆಯ ಹಳೆಯ ವರದಿಗಳು ತಾವಾಗಿಯೇ ಬರುವಂತೆ ಮಾಡು ಎಂದು ನಮ್ಮ ಡಾಕ್ಟರು ಹೇಳಿದಾಗ ಹೂಂ ಎಂದುಬಿಟ್ಟೆ. ಹೂಂ ಅನ್ನುವುದಕ್ಕೇನು ಖರ್ಚು!

ಕುರುಗೋಡಿನದು ಹೇಗೋ ಬಗ್ಗಿತು. ಅದರ ಸಾಫ್ಟ್‌ವೇರ್ ಮಾಡಿಕೊಟ್ಟವರು ಅಂಗಡಿ ಮುಚ್ಚಿದ್ದರೂ, ಬಸ್ಸಿನಲ್ಲಿ ಓಡಾಡಿ ಅದರ ಗುಟ್ಟು ಬಿಡಿಸಿದೆ. ಸಿರುಗುಪ್ಪದ್ದು ಮಾತ್ರ ನನ್ನ ಜೀವ ತಿಂದಿತು. ಕರಿ ಪರದೆ, ಹಸಿರು ಅಕ್ಷರ. ರಸೀದಿ ನಂಬರು ಹೊಡೆದರೆ ಒಂದು ವರದಿಯನ್ನು ಪ್ರಿಂಟರಿಗೆ ಕಳಿಸುತ್ತದೆ, ಅಷ್ಟೇ. ಹೆಸರು ಹೇಳಿ ಹುಡುಕುವ ಹಾಗಿಲ್ಲ. ಕೊನೆಗೆ ಪ್ರಿಂಟರಿನ ಜಾಗಕ್ಕೆ ಒಂದು ಸಣ್ಣ ಕಂಪ್ಯೂಟರ್ ಸಿಕ್ಕಿಸಿ, ಅದೇ ಒಂದೊಂದಾಗಿ ನಂಬರು ಹೊಡೆದು, ಬಂದದ್ದನ್ನು ಹಿಡಿದಿಟ್ಟು ಬಳ್ಳಾರಿಗೆ ಕಳಿಸುವಂತೆ ಪ್ರೋಗ್ರಾಂ ಬರೆದೆ. ಹಗಲೆಲ್ಲ ರೋಗಿಗಳಿರುತ್ತಾರೆ. ಹಾಗಾಗಿ ಸೆಂಟರ್ ಮುಚ್ಚಿದ ಮೇಲೇ ಅದು ಓಡಬೇಕು.

ಅದೇ ಹೊತ್ತಿಗೆ, ಸಿರುಗುಪ್ಪಕ್ಕೆ ಕೊಟ್ಟ ನನ್ನ ಅಕ್ಕ ಕುತ್ತಿಗೆಯ ಗಂಟು ತೋರಿಸಲು ಬಂದಳು. ಸೂಜಿ ಹಾಕಿ ಮಾಡಿದ ಪರೀಕ್ಷೆ ಕ್ಯಾನ್ಸರ್ ಹೌದು ಎಂದೂ ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ವರ್ಷಗಳ ಹಿಂದೆ ಆಕೆ ನಮ್ಮ ಸಿರುಗುಪ್ಪದ ಶಾಖೆಯಲ್ಲೇ ಅದೇ ಗಂಟಿನ ಸ್ಕ್ಯಾನ್ ಮಾಡಿಸಿಕೊಂಡಿದ್ದಳು.

"ಆಗಿಂದು ಅಳತಿ ತಂದುಕೊಡ್ರಿ," ಎಂದರು ಸರ್ಜನ್. "ಅಷ್ಟ ಇದ್ರ ಮುಟ್ಟೋದು ಬ್ಯಾಡ. ಬೆಳದಿದ್ರ, ಇಲ್ಲಾ ಅಳತಿ ಸಿಗಲಿಲ್ಲಂದ್ರ, ತಗದುಬಿಡೂಣು."

ಅಕ್ಕನ ಬಳಿ ಆ ಕಾಗದವೂ ಇಲ್ಲ, ರಸೀದಿಯೂ ಇಲ್ಲ. ನನ್ನ ಪ್ರೋಗ್ರಾಂ ಎಲ್ಲ ನಂಬರನ್ನೂ ಹೊಡೆದು ಹುಡುಕಿದರೆ ಮಾತ್ರ ಸಿಗಬೇಕು. ಸ್ವಲ್ಪ ದಿನ ತಡೆ ಎಂದರೆ ಕೇಳಲೊಲ್ಲಳು. "ನಾಟಿ ಶುರುವಾದ್ರ ನನಗ ಸಾಯಾಕೂ ಪುರುಸೊತ್ತಿರಂಗಿಲ್ಲ. ಗುರುವಾರ ಕೊಯ್ಸೇಬಿಡ್ತೀನಿ," ಎಂದು ಹಟ ಹಿಡಿದಳು.

ಮೊದಲ ದಿನ ಪ್ರೋಗ್ರಾಂ ಓಡಲೇ ಇಲ್ಲ. ಸಿರುಗುಪ್ಪದ ಅಟೆಂಡರಿಗೆ ಫೋನ್ ಮಾಡಿದೆ. "ಮೇನ್ ಆಫ್ ಮಾಡೀನ್ರಿ ಮೇಡಂ. ಎಲ್ಲಾ ಬಂದ್ ಮಾಡೇ ಮನಿಗೆ ಹೋಗೋದು ನಾನು, ಚಿಂತಿ ಬಿಡ್ರಿ," ಎಂದರು ಹೆಮ್ಮೆಯಿಂದ. ಪಕ್ಕದ ಅಂಗಡಿ ಹಿಂದೊಮ್ಮೆ ಶಾರ್ಟ್ ಸರ್ಕ್ಯೂಟಾಗಿ ಸುಟ್ಟುಹೋಗಿತ್ತು, ಆ ಹೆದರಿಕೆ ಅವರಿಗೆ. ಕಂಪ್ಯೂಟರಿನ ಸ್ವಿಚ್ ಮುಟ್ಟಬೇಡಿ ಎಂದು ಗೋಗರೆದೆ. ಮರುದಿನವೂ ಅದೇ ಹಾಡು.

"ಸ್ವಿಚ್ ಮುಟ್ಟಿಲ್ರಿ. ಹೊರಗ ಮೀಟರ್ ಹತ್ರ ಆಫ್ ಮಾಡೀನಿ."

ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಬೈಯೋಣವೆಂದರೆ ನಮ್ಮಪ್ಪನ ವಯಸ್ಸಿನವರು, ಮೇಲಾಗಿ ಬೆಂಕಿಗೆ ಹೆದರುವುದು ತಪ್ಪೂ ಅಲ್ಲ. ಆ ಸಿಟ್ಟನ್ನೆಲ್ಲ ಮನೆಗೆ ಹೋಗಿ ಪಾತ್ರೆಗಳ ಮೇಲೆ ತೀರಿಸಿಕೊಂಡೆ.

ಬುಧವಾರ ಅಕ್ಕ ಆಸ್ಪತ್ರೆ ಸೇರಿದಳು, ಜೊತೆಗೆ ನಾನು. ಸ್ವಿಚ್ಚು, ಮೀಟರು ಎರಡನ್ನೂ ಮುಟ್ಟುವುದಿಲ್ಲ ಎಂದು ಫೋನಿನಲ್ಲೇ ಅಟೆಂಡರಿಂದ ಆಣೆ ಹಾಕಿಸಿಕೊಂಡೆ. ಮರುದಿನ ಬೆಳಗ್ಗೆ ಅಕ್ಕನನ್ನು ಒಳಗೆ ಕರೆದೊಯ್ಯುವವರೆಗೂ ಮೊಬೈಲ್ ನೋಡುತ್ತಲೇ ಇದ್ದೆ. ಏನೂ ಬರಲಿಲ್ಲ. ಆಮೇಲೆ, ಸಿರುಗುಪ್ಪದ ಸೆಂಟರ್ ಬಾಗಿಲು ತೆರೆಯುವ ಹೊತ್ತಿಗೆ, ವರದಿಗಳು ಒಂದರ ಹಿಂದೊಂದು ಬಂದು ಬಿದ್ದವು. ಅಕ್ಕನದ್ದೂ ಇತ್ತು. ಅಂದಿನ ಅಳತೆಯೇ ಇಂದಿನ ಅಳತೆ. ಗಂಟು ಕೂದಲೆಳೆಯಷ್ಟೂ ಬೆಳೆದಿರಲಿಲ್ಲ.

ಓಡಿಹೋಗಿ ಆಪರೇಷನ್ ಥಿಯೇಟರಿನ ಬಾಗಿಲು ಬಡಿದೆ. "ಮುಗೀತ್ರಿ, ಹೊಲಿಗಿ ಹಾಕಾಕ ಹತ್ಯಾರ," ಎಂದಳು ನರ್ಸ್.

ಅಲ್ಲಿಂದಲೇ ಅಟೆಂಡರಿಗೆ ಫೋನ್ ಮಾಡಿದೆ. "ಸ್ವಿಚ್ಚೂ ಮುಟ್ಟಿಲ್ರಿ, ಮೀಟರೂ ಮುಟ್ಟಿಲ್ರಿ ಮೇಡಂ," ಎಂದರು. "ಆ ನೆಟ್ಟಿನ ಡಬ್ಬಿ ಅಷ್ಟ ಆಫ್ ಮಾಡಿದ್ದೆ. ದೀಪ ಸುಮ್ಮನ ಮಿಣಮಿಣ ಅಂತಿತ್ತು."

ವರದಿ ರಾತ್ರಿಯೇ ಸಿಕ್ಕಿತ್ತು. ಇಂಟರ್ನೆಟ್ ಇಲ್ಲದ್ದರಿಂದ ಬರಲು ದಾರಿಯಿಲ್ಲದೆ ಸಿರುಗುಪ್ಪದಲ್ಲೇ ಕೂತಿತ್ತು. ಆ ಡಬ್ಬಿ, ಆ ಕರಿ ಪರದೆ, ನನ್ನ ಪ್ರೋಗ್ರಾಂ, ಎಲ್ಲವನ್ನೂ ಗಂಟುಕಟ್ಟಿ ತುಂಗಭದ್ರೆಗೆ ಎಸೆಯಬೇಕೆನ್ನಿಸಿತು.

ಸಂಜೆ ಅಕ್ಕನಿಗೆ ದನಿ ಸರಿಯಾಗಿ ಹೊರಡುತ್ತಿರಲಿಲ್ಲ. "ಹಳೇದು ಸಿಕ್ತೇನು?" ಎಂದು ಪಿಸುಗುಟ್ಟಿದಳು.

"ಸಿಕ್ತಕ್ಕ. ಆಗನೂ ಅಳತಿ ಇಷ್ಟ ಇತ್ತು."

ಅಕ್ಕ ಕುತ್ತಿಗೆಯ ಪಟ್ಟಿಯ ಮೇಲೆ ಕೈ ಇಟ್ಟುಕೊಂಡಳು.

"ಹಂಗಾರ ಸುಮ್ಮನ ಕೊಯ್ಸಿಕೊಂಡೆ ಅನ್ನು."