ಎರಡನೇ ಹೋತ

ಜಾಲಹಳ್ಳಿಯ ನಮ್ಮ ಚರ್ಚಿನ ಹೆಂಗಸರ ಕೂಟದಲ್ಲಿ ತಿಂಗಳಿಗೊಬ್ಬರು ಪಾಠ ಹೇಳಬೇಕು. ಆ ಸಲ ನನ್ನ ಸರದಿ. ಪಾದ್ರಿಯಮ್ಮ ಕೊಟ್ಟ ವಿಷಯ, ಹಳೆಯ ಇಸ್ರಾಯೇಲ್ಯರ ದೋಷಪರಿಹಾರದ ದಿನ. ಎರಡು ಹೋತಗಳನ್ನು ತಂದು ಚೀಟಿ ಹಾಕುತ್ತಾರೆ. ಒಂದನ್ನು ದೇವರಿಗೆ ಬಲಿ ಕೊಡುತ್ತಾರೆ. ಇನ್ನೊಂದರ ತಲೆಯ ಮೇಲೆ ಮಹಾಯಾಜಕ ಎರಡೂ ಕೈ ಇಟ್ಟು, ಜನರ ಪಾಪಗಳನ್ನೆಲ್ಲ ಬಾಯಿಬಿಟ್ಟು ಹೇಳಿ, ಅದನ್ನು ಅಡವಿಗೆ ಅಟ್ಟಿಸುತ್ತಾನೆ. ಪಾಪ ಅದರ ಜೊತೆಗೇ ಹೋಯಿತು ಅಂತ. ಚಿಕ್ಕಂದಿನಿಂದ ಕೇಳಿದ ಕಥೆ, ಸಲೀಸಾಗಿ ಹೇಳಿ ಮುಗಿಸಬಹುದು ಅಂದುಕೊಂಡಿದ್ದೆ.

ಅದೇ ವಾರ ಪೀಣ್ಯದಲ್ಲಿ ನನ್ನ ಗಂಡ ಕೆಲಸ ಮಾಡುವ ಕಾರ್ಖಾನೆಗೆ ಪಂಪುಗಳ ಒಂದು ಲೋಡು ವಾಪಸ್ ಬಂತು. ಎಲ್ಲವೂ ಸೋರುತ್ತಿದ್ದವು. ತಿಂಗಳ ಕೊನೆಗೆ ಲಾರಿ ಹೊರಡಿಸುವ ಅವಸರದಲ್ಲಿ, ನೀರು ಬಿಟ್ಟು ನೋಡುವ ಪರೀಕ್ಷೆಯನ್ನೇ ಬಿಟ್ಟಿದ್ದರು. ಕಳಿಸಿ ಅಂದವರು ಮ್ಯಾನೇಜರು. ಹೂಂ ಅಂದವರು ಎಲ್ಲರೂ. ಆದರೆ ಆವತ್ತು ಪಾಳಿಯಲ್ಲಿದ್ದ ಸೂಪರ್‌ವೈಸರ್‌ಗಳು ಇಬ್ಬರು: ನನ್ನ ಗಂಡ, ಮತ್ತೆ ಅತ್ತಿಬೆಲೆ ಕಡೆಯ ಅವರ ಜೊತೆಗಾರ. ಅವರೆಕಾಯಿ ಕಾಲದಲ್ಲಿ ಆ ಮನೆಯ ಹಿದುಕಿದ ಬೇಳೆ ಸಾರು ಗಂಡನ ಡಬ್ಬಿಯಲ್ಲಿ ನಮ್ಮನೆಗೂ ಬರುತ್ತಿತ್ತು. ಶನಿವಾರದ ವಿಚಾರಣೆಯಲ್ಲಿ ಇಬ್ಬರಲ್ಲೊಬ್ಬರ ಕೆಲಸ ಹೋಗೋದು ಖಂಡಿತ ಅಂತ ಕ್ಯಾಂಟೀನಿನಲ್ಲೆಲ್ಲ ಮಾತು.

ಪಾಠ ಓದಲು ಕೂತರೆ ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದೆ. ಗುರುವಾರ ಸಂಜೆ ಗಂಡ ಸ್ವಲ್ಪ ಗೆಲುವಾಗಿ ಬಂದರು.

"ಮ್ಯಾನೇಜರು ಇವತ್ತು ಹತ್ರ ಬಂದು ಹೆಗಲ ಮೇಲೆ ಕೈ ಇಟ್ರು ಕಣೇ. ಹೆದರ್ಕೋಬೇಡಿ, ನಾನಿದೀನಿ ಅಂದ್ರು."

"ಒಂದು ಕೈಯೋ, ಎರಡೋ?"

ಇವಳಿಗೇನು ತಲೆ ಕೆಟ್ಟಿತಾ ಅನ್ನುವಂತೆ ನೋಡಿದರು. "ಎರಡೂ. ಯಾಕೆ?"

ಓದುತ್ತಿದ್ದ ಬೈಬಲ್ ಮುಚ್ಚಿಟ್ಟೆ. ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ. ಭಯವಾದರೂ ಅದು ಕೋಪವಾಗಿಯೇ ಹೊರಬರುತ್ತದೆ.

"ನಿಮ್ಮ ಮ್ಯಾನೇಜರಿಗಿಂತ ಆ ಯಾಜಕ ಎಷ್ಟೋ ವಾಸಿ ರೀ! ಮೊದ್ಲು ಇದು ನಮ್ಮ ತಪ್ಪು ಅಂತ ಎಲ್ಲರ ಮುಂದೆ ಹೇಳ್ತಿದ್ದ. ಹೋತದ್ದೇ ತಪ್ಪು ಅಂತ ಯಾರೂ ಅಂತಿರ್ಲಿಲ್ಲ."

"ಅದನ್ನ ಕೂಟದಲ್ಲಿ ಹೇಳು. ಇಲ್ಲಿ ಕಿರುಚಿದ್ರೆ ಪಕ್ಕದ ಮನೆಯವ್ರು ಕಲೀತಾರೆ ಅಷ್ಟೆ" ಅಂದರು. ಇಬ್ಬರಿಗೂ ನಗು ಬರಲಿಲ್ಲ. ಆ ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೆ, ಅವರು ಮೊಸರು ಬೆರೆಸಿಕೊಂಡು ಉಂಡರು.

ಕೂಟವೂ ಶನಿವಾರವೇ, ಮಧ್ಯಾಹ್ನ. ಫೋನನ್ನು ಕೈಯಲ್ಲೇ ಹಿಡಿದುಕೊಂಡು ಪಾಠ ಶುರು ಮಾಡಿದೆ. ಹೋತದ ತಲೆಯ ಮೇಲೆ ಕೈ ಇಡುವ ಭಾಗಕ್ಕೆ ಬರುವಾಗ ಫೋನು ನಡುಗಿತು. ಅರ್ಧಕ್ಕೇ ಬಿಟ್ಟು ಹೊರಗೆ ಓಡಿದೆ.

"ನಾನು ಉಳ್ಕೊಂಡೆ ಕಣೇ" ಅಂದರು. "ಅತ್ತಿಬೆಲೆಯವ್ರನ್ನ ತೆಗೆದ್ಬಿಟ್ರು. ಎಲ್ಲಾ ಅವ್ರದೇ ತಪ್ಪಂತೆ."

"ಸ್ತೋತ್ರ ದೇವರೇ!" ಅಂದುಬಿಟ್ಟೆ, ಬಾಗಿಲ ಬಳಿ ಕೂತವರಿಗೂ ಕೇಳುವಷ್ಟು ಜೋರಾಗಿ. ಆಮೇಲೆ ಕೇಳಿದೆ, "ನೀವೇನಂದ್ರಿ?"

"ಏನೂ ಅನ್ಲಿಲ್ಲ. ಯಾರೂ ಏನೂ ಅನ್ಲಿಲ್ಲ."

ಒಳಗೆ ಬಂದು ಹೇಗೋ ಪಾಠ ಮುಗಿಸಿದೆ. ಮುಂದಿನ ಸಾಲಿನಲ್ಲಿದ್ದ ಒಬ್ಬಾಕೆ ಕೇಳಿದಳು, "ಹೋತ ಅಡವಿಗೆ ಹೋದ್ಮೇಲೆ ಈ ಜನ ಏನ್ಮಾಡ್ತಿದ್ರಕ್ಕಾ?"

ಅದನ್ನು ನಾನು ಓದಿಕೊಂಡಿರಲಿಲ್ಲ. ಆದರೂ ಉತ್ತರ ಗೊತ್ತಿತ್ತು.

"ಎದೆ ಹಗುರ ಆಗಿ ಮನೆಗೆ ಹೋಗ್ತಿದ್ರು" ಅಂದೆ. ಹೇಳುವಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಆದರೂ ಎದೆ ಹಗುರವಾಗಿಯೇ ಇತ್ತು.